ನಿದ್ರೆಯ ಉಸಿರುತಡೆಗೆ ಬಾಯಿಯ ಸಾಧನಗಳು

ನಿದ್ರೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಗೆ, ಅಂದರೆ ಅಡಚಣೆಯ ಸ್ಲೀಪ್ ಅಪ್ನಿಯಕ್ಕೆ, ವಯಸ್ಕರು ರಾತ್ರಿ ಮಲಗುವಾಗ ಬಾಯಲ್ಲಿ ಧರಿಸುವ ಉಪಕರಣಗಳು. ಕೆಳದವಡೆಯನ್ನೋ ನಾಲಿಗೆಯನ್ನೋ ಮುಂದಕ್ಕೆ ಹಿಡಿದಿಟ್ಟು ಉಸಿರಿನ ದಾರಿಯನ್ನು ತೆರೆದಿಡುವುದು ಇವುಗಳ ಕೆಲಸ. ವೈದ್ಯರ ಪರೀಕ್ಷೆಯಿಂದ ಕಾಯಿಲೆ ಖಚಿತವಾದ ಮೇಲೆ ದಂತವೈದ್ಯರು ರೋಗಿಯ ಹಲ್ಲಿನ ಅಳತೆಗೆ ಇವನ್ನು ಮಾಡಿಕೊಡುತ್ತಾರೆ. ಸಾಧಾರಣ ಮತ್ತು ಮಧ್ಯಮ ಪ್ರಮಾಣದ ಕಾಯಿಲೆಯಲ್ಲಿಯೂ, ಮೂಗಿನ ಮೂಲಕ ಒತ್ತಡದ ಗಾಳಿ ಊದುವ ಸಿಪ್ಯಾಪ್ ಯಂತ್ರ ಒಗ್ಗದವರಲ್ಲಿಯೂ ಇವು ಒಪ್ಪಿತವಾದ ಚಿಕಿತ್ಸೆ. ಕಾಯಿಲೆ, ಸಾಧನದ ಬಗೆಗಳು, ತಯಾರಿ, ಫಲ ಹಾಗೂ ತೊಂದರೆಗಳನ್ನು ಕೋಲಾರ ಜಿಲ್ಲೆಯ ಕೆಜಿಎಫ್ (ಕೋಲಾರ ಚಿನ್ನದ ಗಣಿ ಪ್ರದೇಶ) ಮತ್ತು ಬಂಗಾರಪೇಟೆಯ ಸಂದರ್ಭದೊಂದಿಗೆ ಇಲ್ಲಿ ವಿವರಿಸಲಾಗಿದೆ.

ಕಾಯಿಲೆಯ ಸ್ವರೂಪ

ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಗಂಟಲಿನ ಭಾಗಕ್ಕೆ ಎಲುಬಿನ ಗಟ್ಟಿ ಆಸರೆಯಿಲ್ಲ. ಎಚ್ಚರದಲ್ಲಿರುವಾಗ ಅಲ್ಲಿನ ಸ್ನಾಯುಗಳೇ ದಾರಿಯನ್ನು ಬಿಗಿಯಾಗಿ ಹಿಡಿದಿರುತ್ತವೆ. ನಿದ್ರೆ ಹತ್ತಿದೊಡನೆ ಅವು ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದವರಲ್ಲಿ ನಾಲಿಗೆಯ ಬುಡ ಮತ್ತು ಮೃದು ತಾಲು ಹಿಂದಕ್ಕೆ ಜಾರುತ್ತವೆ. ದಾರಿ ಕಿರಿದಾದಾಗ ಗಾಳಿ ತಾಲುವನ್ನು ನಡುಗಿಸಿ ಗೊರಕೆ ಹುಟ್ಟುತ್ತದೆ. ಪೂರ್ತಿ ಮುಚ್ಚಿಕೊಂಡರೆ ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದ ಆಮ್ಲಜನಕ ಕುಸಿಯುತ್ತದೆ, ಮಿದುಳು ಕ್ಷಣಕಾಲ ಎಚ್ಚೆತ್ತು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ, ದೊಡ್ಡದೊಂದು ಉಸಿರಿನೊಡನೆ ಗೊರಕೆ ಮತ್ತೆ ಆರಂಭವಾಗುತ್ತದೆ. ಇದು ರಾತ್ರಿಯಿಡೀ ನೂರಾರು ಸಲ ನಡೆದರೂ ಮಲಗಿದವರಿಗೆ ನೆನಪಿರದೆ ಹೋಗಬಹುದು.

ಹಗಲಿನ ತೂಕಡಿಕೆ, ಬೆಳಗಿನ ತಲೆನೋವು, ಒಣಗಿದ ಬಾಯಿ, ಮರೆವು, ಸಿಡುಕು, ರಾತ್ರಿ ಮೂತ್ರಕ್ಕೆ ಪದೇ ಪದೇ ಏಳುವುದು ಇದರ ಲಕ್ಷಣಗಳು. ಅಧಿಕ ರಕ್ತದೊತ್ತಡ, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು, ಸಕ್ಕರೆ ಕಾಯಿಲೆಗಳೊಂದಿಗೂ ಇದಕ್ಕೆ ನಂಟಿದೆ. ಬೊಜ್ಜು, ದಪ್ಪ ಕುತ್ತಿಗೆ, ಹಿಂದೆ ಸರಿದ ಕೆಳದವಡೆ, ದೊಡ್ಡ ಟಾನ್ಸಿಲ್, ವಯಸ್ಸು, ಮದ್ಯ ಮತ್ತು ನಿದ್ರೆಮಾತ್ರೆ ಅಪಾಯವನ್ನು ಹೆಚ್ಚಿಸುತ್ತವೆ. ಪುರುಷರಲ್ಲಿ ಇದು ಹೆಚ್ಚು. ಮುಟ್ಟು ನಿಂತ ನಂತರ ಮಹಿಳೆಯರಲ್ಲಿಯೂ ಏರುತ್ತದೆ.

ನಿದ್ರೆಯ ಒಂದು ಗಂಟೆಯಲ್ಲಿ ಉಸಿರು ನಿಂತ ಅಥವಾ ಗಣನೀಯವಾಗಿ ತಗ್ಗಿದ ಸಲಗಳ ಸರಾಸರಿ ಎಷ್ಟೆಂಬುದರಿಂದ ಕಾಯಿಲೆಯ ತೀವ್ರತೆಯನ್ನು ಅಳೆಯುತ್ತಾರೆ. ಈ ಸಂಖ್ಯೆಗೆ ಎಎಚ್‌ಐ ಎಂದು ಹೆಸರು. 5ಕ್ಕಿಂತ ಕಡಿಮೆಯಿದ್ದರೆ ಸಹಜ, 5ರಿಂದ 15ರವರೆಗೆ ಸಾಧಾರಣ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ಜಗತ್ತಿನಲ್ಲಿ 30ರಿಂದ 69 ವರ್ಷದೊಳಗಿನ ಸುಮಾರು 93.6 ಕೋಟಿ ಜನರಿಗೆ ಈ ಕಾಯಿಲೆ ಇರಬಹುದೆಂದು 2019ರ ಒಂದು ಅಂದಾಜು ಹೇಳಿತು. ಮುಂಬೈಯ ಮಧ್ಯವಯಸ್ಸಿನ ಪುರುಷರ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 19.5ರಷ್ಟು ಮಂದಿಯಲ್ಲಿ ನಿದ್ರೆಯ ಉಸಿರಾಟದ ದೋಷವೂ, ಶೇ. 7.5ರಷ್ಟು ಮಂದಿಯಲ್ಲಿ ಲಕ್ಷಣಸಹಿತವಾದ ಕಾಯಿಲೆಯೂ ಕಂಡುಬಂದವು.

ಕೆಜಿಎಫ್ ಮತ್ತು ಬಂಗಾರಪೇಟೆಯ ಹಿನ್ನೆಲೆ

ಉಸಿರಿನ ಕಾಯಿಲೆ ಕೆಜಿಎಫ್‌ಗೆ ಹೊಸದಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿ ಗಣಿಗಾರಿಕೆ ಕೈಗೊಂಡಿತು. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕಿಳಿಯಿತು. ಬಂಡೆ ಕೊರೆದಾಗ ಏಳುವ ಸಿಲಿಕಾ ದೂಳು ಕಾರ್ಮಿಕರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ಉಂಟುಮಾಡಿತು. ಭಾರತದಲ್ಲಿ ಈ ಕಾಯಿಲೆಯ ಮೊದಲ ದೊಡ್ಡ ಅಧ್ಯಯನ 1940ರ ದಶಕದಲ್ಲಿ ನಡೆದದ್ದು ಇಲ್ಲಿಯೇ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿ ದುಡಿದವರಲ್ಲಿ ಉಳಿದವರು ಈಗ ಮುದಿವಯಸ್ಸಿನವರು. ಇವರ ಉಬ್ಬಸ, ಕೆಮ್ಮಿಗೆ ಕಾರಣ ಶ್ವಾಸಕೋಶದಲ್ಲಿದೆ. ಸ್ಲೀಪ್ ಅಪ್ನಿಯದ ತಡೆ ಇರುವುದು ಗಂಟಲಿನಲ್ಲಿ. ಎರಡೂ ಒಬ್ಬರಲ್ಲೇ ಇರಬಹುದು. ಆಗ ರಾತ್ರಿಯ ಆಮ್ಲಜನಕ ಇನ್ನೂ ಕೆಳಗಿಳಿಯುತ್ತದೆ. ಬಾಯಿಯ ಸಾಧನ ಗಂಟಲಿನ ದಾರಿಯನ್ನು ತೆರೆಯಬಲ್ಲದೇ ಹೊರತು ಗಾಯಗೊಂಡ ಶ್ವಾಸಕೋಶವನ್ನು ಸರಿಪಡಿಸಲಾರದು. ಹೀಗಾಗಿ ಹಳೆಯ ಗಣಿ ಕಾರ್ಮಿಕರಿಗೆ ಸಾಧನ ಕೊಡುವ ಮೊದಲು ಶ್ವಾಸಕೋಶ ತಜ್ಞರ ತಪಾಸಣೆ ಆಗಲೇಬೇಕು.

ಗಣಿ ಮುಚ್ಚಿದ ಮೇಲೆ ಊರಿನ ದುಡಿಮೆ ಬೆಂಗಳೂರಿನ ಕಡೆ ತಿರುಗಿತು. 1894ರಲ್ಲಿ ಚಿನ್ನದ ಗಣಿಗಳಿಗಾಗಿ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ರೈಲು ಮಾರ್ಗವೇ ಈಗ ಸಾವಿರಾರು ದುಡಿಯುವವರ ದಿನನಿತ್ಯದ ದಾರಿ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ ನಿಲ್ದಾಣಗಳಲ್ಲಿ ನಸುಕಿನಲ್ಲೇ ಹತ್ತಿದವರು ಬಂಗಾರಪೇಟೆ ಜಂಕ್ಷನ್ ಮೂಲಕ ಬೆಂಗಳೂರು ಸೇರಿ ರಾತ್ರಿ ಮನೆಗೆ ಮರಳುತ್ತಾರೆ. ರೈಲಿನಲ್ಲಿ ಕಿಟಕಿಗೊರಗಿ ನಿದ್ರೆ ಮಾಡುವುದು ಇಲ್ಲಿ ಮಾಮೂಲು. ಇದರಿಂದ ಒಂದು ತೊಡಕಿದೆ. ಹಗಲಿನ ತೂಕಡಿಕೆಯನ್ನು ಅಳೆಯಲು ಬಳಸುವ ಎಪ್‌ವರ್ತ್ ಪ್ರಶ್ನಾವಳಿಯು ಎಂಟು ಸಂದರ್ಭಗಳಲ್ಲಿ ನಿದ್ರೆ ಹತ್ತುವ ಸಾಧ್ಯತೆಯನ್ನು ಕೇಳುತ್ತದೆ. ವಾಹನದಲ್ಲಿ ಒಂದು ಗಂಟೆ ಪ್ರಯಾಣಿಸುವುದೂ ಅದರಲ್ಲೊಂದು. ಒಟ್ಟು ಅಂಕ 24. ಹತ್ತನ್ನು ದಾಟಿದರೆ ತೂಕಡಿಕೆ ಅತಿಯೆಂದು ಅರ್ಥ. ರಾತ್ರಿ ಐದೇ ಗಂಟೆ ಮಲಗಿ ರೈಲು ಹತ್ತುವವರಿಗೆ ಕಾಯಿಲೆ ಇಲ್ಲದೆಯೂ ಹತ್ತಕ್ಕಿಂತ ಹೆಚ್ಚು ಬರಬಹುದು. ರಜೆಯ ದಿನಗಳಲ್ಲಿ ಏಳೆಂಟು ಗಂಟೆ ಮಲಗಿ ಎದ್ದರೂ ದಣಿವು ಆರುವುದಿಲ್ಲವೇ ಎಂದು ಕೇಳಿದರೆ ನಿದ್ರೆಯ ಕೊರತೆ ಯಾವುದು, ಕಾಯಿಲೆಯ ಸುಳಿವು ಯಾವುದು ಎಂಬುದು ತಕ್ಕಮಟ್ಟಿಗೆ ಬೇರ್ಪಡುತ್ತದೆ.

ಪಕ್ಕದಲ್ಲಿ ಮಲಗುವವರ ಸಾಕ್ಷ್ಯ ಇದಕ್ಕಿಂತ ನೆಚ್ಚಿಕೆಯದು. ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳ ಪುಟ್ಟ ಕೋಣೆಗಳಲ್ಲಿ ಇಡೀ ಸಂಸಾರ ಒಟ್ಟಿಗೆ ಮಲಗುತ್ತದೆ. ಗೊರಕೆ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ನಡುವೆ ಎಷ್ಟು ಹೊತ್ತು ಸದ್ದಿಲ್ಲದೆ ನಿಲ್ಲುತ್ತದೆ, ಮಗ್ಗುಲಾದರೆ ತಗ್ಗುತ್ತದೆಯೇ ಎಂಬುದೆಲ್ಲ ಹೆಂಡತಿಗೋ ಮಕ್ಕಳಿಗೋ ಚೆನ್ನಾಗಿ ಗೊತ್ತಿರುತ್ತದೆ. ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿ ತಂದರೂ ವೈದ್ಯರಿಗೆ ಉಪಯೋಗವಾಗುತ್ತದೆ.

ಚರಿತ್ರೆ

ದವಡೆಯನ್ನು ಮುಂದೆ ತಂದರೆ ಉಸಿರು ಸರಾಗವಾಗುತ್ತದೆಂಬ ಅರಿವು ಹಳೆಯದು. ಅರಿವಳಿಕೆ ಕೊಟ್ಟ ರೋಗಿಯ ಕೆಳದವಡೆಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿ ಹಿಡಿಯುವ ಕ್ರಮವನ್ನು 19ನೆಯ ಶತಮಾನದಲ್ಲಿ ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಫಾನ್ ಎಸ್ಮಾರ್ಕ್ ಜನಪ್ರಿಯಗೊಳಿಸಿದ. ಚಿಕ್ಕ ಕೆಳದವಡೆಯಿದ್ದು ನಾಲಿಗೆ ಹಿಂದಕ್ಕೆ ಬಿದ್ದು ಉಸಿರುಗಟ್ಟುತ್ತಿದ್ದ ಮಕ್ಕಳಿಗಾಗಿ ಫ್ರಾನ್ಸಿನ ಪಿಯೇರ್ ರೊಬಾನ್ 20ನೆಯ ಶತಮಾನದ ಆರಂಭದಲ್ಲಿ ಮೊನೊಬ್ಲಾಕ್ ಎಂಬ ಒಂದೇ ತುಂಡಿನ ಸಾಧನ ರೂಪಿಸಿದ. ಅದೇ ಕಾಲದಲ್ಲಿ ಜರ್ಮನಿಯ ಎಮಿಲ್ ಹರ್ಬ್‌ಸ್ಟ್, ಬೆಳೆಯುವ ಮಕ್ಕಳ ಹಿಂದುಳಿದ ದವಡೆಯನ್ನು ಮುಂದೆ ತರಲು ಎರಡು ಪಕ್ಕದಲ್ಲಿ ಜಾರುವ ಸಲಾಕೆಗಳ ಉಪಕರಣ ಮಾಡಿದ. ಹಲ್ಲು ನೇರ ಮಾಡುವ ಶಾಸ್ತ್ರದಿಂದ ಬಂದ ಈ ಎರಡೂ ವಿನ್ಯಾಸಗಳು ಇಂದಿನ ವಯಸ್ಕರ ಸಾಧನಗಳಲ್ಲಿ ಮುಂದುವರಿದಿವೆ.

ಸ್ಲೀಪ್ ಅಪ್ನಿಯ ಒಂದು ಪ್ರತ್ಯೇಕ ಕಾಯಿಲೆಯೆಂದು ಗುರುತಾದದ್ದು 1965ರ ನಂತರ. ಆಗ ಇದ್ದ ಖಚಿತ ಪರಿಹಾರವೆಂದರೆ ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ತೂತು ಮಾಡುವುದು. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಮೂಗಿನ ಮೂಲಕ ಒತ್ತಡದ ಗಾಳಿ ಊದುವ ಸಿಪ್ಯಾಪ್ ಯಂತ್ರವನ್ನು ವರದಿ ಮಾಡಿದರು. ಮರುವರ್ಷ, 1982ರಲ್ಲಿ, ಅಮೆರಿಕದ ರೊಸಾಲಿಂಡ್ ಕಾರ್ಟ್‌ರೈಟ್ ಮತ್ತು ಚಾರ್ಲ್ಸ್ ಸ್ಯಾಮೆಲ್ಸನ್ ನಾಲಿಗೆಯನ್ನು ಹಿಡಿದಿಡುವ ಸಾಧನದ ಫಲಿತಾಂಶ ಪ್ರಕಟಿಸಿದರು. ದವಡೆ ಮುಂದೊತ್ತುವ ಸಾಧನಗಳು 1980ರ ದಶಕದಲ್ಲಿ ಬಳಕೆಗೆ ಬಂದವು. ಅಮೆರಿಕದ ನಿದ್ರಾವೈದ್ಯ ಸಂಸ್ಥೆಗಳ ಮಾರ್ಗಸೂಚಿಗಳು 1995ರಲ್ಲಿ ಮೊದಲು ಬಂದು, 2006 ಹಾಗೂ 2015ರಲ್ಲಿ ಪರಿಷ್ಕೃತಗೊಂಡವು. ಭಾರತದ ತಜ್ಞರು ಸೇರಿ ರೂಪಿಸಿದ ಇನೋಸಾ ಮಾರ್ಗಸೂಚಿ 2014ರಲ್ಲಿ ಪ್ರಕಟವಾಯಿತು. ಸಾಧಾರಣ ಮತ್ತು ಮಧ್ಯಮ ಕಾಯಿಲೆಯಿದ್ದು ಸಿಪ್ಯಾಪ್ ಬೇಡವೆನ್ನುವವರಿಗೆ ಅಥವಾ ಅದರಿಂದ ಫಲ ಕಾಣದವರಿಗೆ ಬಾಯಿಯ ಸಾಧನ ಕೊಡಬಹುದೆಂದು ಅದು ಹೇಳುತ್ತದೆ.

ವಿಧಗಳು

ದವಡೆ ಮುಂದೊತ್ತುವ ಸಾಧನಗಳದ್ದೇ ದೊಡ್ಡ ಪಾಲು. ಮೇಲಿನ ಮತ್ತು ಕೆಳಗಿನ ಹಲ್ಲುಗಳ ಮೇಲೆ ಕೂರುವ ತಟ್ಟೆಗಳನ್ನು ಕೆಳದವಡೆ ಮುಂದಿರುವ ಭಂಗಿಯಲ್ಲಿ ಜೋಡಿಸಿರುತ್ತಾರೆ. ಎರಡನ್ನೂ ಬಿಡಿಸಲಾಗದಂತೆ ಬೆಸೆದದ್ದು ಮೊನೊಬ್ಲಾಕ್. ಬೇರೆ ಬೇರೆ ತಟ್ಟೆಗಳಾಗಿದ್ದು ಪಕ್ಕದ ಸಲಾಕೆ, ಪಟ್ಟಿ, ರೆಕ್ಕೆ ಅಥವಾ ಕೊಕ್ಕೆಯಿಂದ ಜೋಡಿಸಿದ್ದು ಎರಡು ತುಂಡಿನ ಸಾಧನ. ಎರಡನೆಯದರಲ್ಲಿ ಬಾಯಿ ಸ್ವಲ್ಪ ತೆರೆಯಬಹುದು, ದವಡೆ ಪಕ್ಕಕ್ಕೆ ಆಡಬಹುದು. ಮುಂದೊತ್ತುವ ಪ್ರಮಾಣವನ್ನು ಹಂತಹಂತವಾಗಿ ಬದಲಿಸಲು ಬರುವ ಸಾಧನವನ್ನೇ ಮಾರ್ಗಸೂಚಿಗಳು ಮೆಚ್ಚುತ್ತವೆ.

ನಾಲಿಗೆ ಹಿಡಿದಿಡುವ ಸಾಧನಗಳಲ್ಲಿ ತುಟಿಯ ಮುಂದೆ ಮೆದುವಾದೊಂದು ಬುರುಡೆಯಿರುತ್ತದೆ. ಅದರೊಳಗೆ ನಾಲಿಗೆಯ ತುದಿ ಸೇರಿಸಿ ಗಾಳಿ ಹಿಂಡಿ ತೆಗೆದರೆ ಹೀರುಬಲದಿಂದ ನಾಲಿಗೆ ಮುಂದೆ ನಿಲ್ಲುತ್ತದೆ. ಹಲ್ಲಿನ ಆಸರೆ ಬೇಡವಾದ್ದರಿಂದ ಬಾಯಲ್ಲಿ ಹಲ್ಲಿಲ್ಲದವರಿಗೂ ಇದು ಆಗುತ್ತದೆ. ಆದರೆ ರಾತ್ರಿಯಿಡೀ ಇದನ್ನು ಸಹಿಸಿಕೊಳ್ಳುವವರು ಕಡಿಮೆ. ಮೃದು ತಾಲುವನ್ನು ಮೇಲೆತ್ತುವ ಸಾಧನಗಳು ವಾಕರಿಕೆ ತರುವುದರಿಂದ ಬಳಕೆಯಲ್ಲಿ ಹೆಚ್ಚು ನಿಂತಿಲ್ಲ.

ಅಂಗಡಿಯಲ್ಲಿ ಮತ್ತು ಆನ್‌ಲೈನಿನಲ್ಲಿ ಸಿಗುವ, ಬಿಸಿನೀರಿನಲ್ಲಿ ಮೆದುಮಾಡಿ ಕಚ್ಚಿ ಆಕಾರ ಕೊಡುವ ಸಾಧನಗಳು ಇನ್ನೊಂದು ಬಗೆ. ಇವು ಅಗ್ಗ. ಹಲ್ಲಿನ ಮೇಲೆ ಸರಿಯಾಗಿ ಕೂರದೆ ನಿದ್ರೆಯಲ್ಲಿ ಕಳಚಿಕೊಳ್ಳುವುದೇ ಇವುಗಳ ದೋಷ. ಅಳತೆಗೆ ಮಾಡಿಸಿದ ಸಾಧನಗಳ ಜೊತೆ ಹೋಲಿಸಿದ ಅಧ್ಯಯನದಲ್ಲಿ ಇವುಗಳ ಫಲ ಕಡಿಮೆಯೆಂದು ಕಂಡಿದೆ. ಅಲ್ಲದೆ ಗೊರಕೆಯ ಸದ್ದಷ್ಟೇ ಅಡಗಿ ಉಸಿರುತಡೆ ಹಾಗೇ ಉಳಿದರೆ ಕಾಯಿಲೆ ವಾಸಿಯಾಯಿತೆಂಬ ಭ್ರಮೆ ಹುಟ್ಟುತ್ತದೆ.

ಕೆಲಸ ಮಾಡುವ ಬಗೆ

ನಾಲಿಗೆಯ ಮುಖ್ಯ ಸ್ನಾಯು ಕೆಳದವಡೆಯ ಒಳಮುಖಕ್ಕೆ, ಗದ್ದದ ಹಿಂದೆ ಅಂಟಿಕೊಂಡಿದೆ. ದವಡೆ ಮುಂದೆ ಬಂದರೆ ನಾಲಿಗೆಯ ಬುಡವೂ ಮುಂದೆ ಬರುತ್ತದೆ. ಪರಿಣಾಮ ಅಷ್ಟಕ್ಕೇ ನಿಲ್ಲುವುದಿಲ್ಲ. ನಾಲಿಗೆ, ತಾಲು ಮತ್ತು ಗಂಟಲಿನ ಪಕ್ಕದ ಗೋಡೆಗಳನ್ನು ಜೋಡಿಸುವ ಅಂಗಾಂಶಗಳು ಬಿಗಿಯಾಗಿ, ತಾಲುವಿನ ಹಿಂದಿನ ಜಾಗ ಅಡ್ಡಗಲವಾಗಿ ಹಿಗ್ಗುತ್ತದೆ. ಎಂಆರ್‌ಐ ಚಿತ್ರಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ತಡೆ ಉಂಟಾಗುವ ಜಾಗ ಮತ್ತು ದವಡೆಯ ರಚನೆ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುವುದರಿಂದ ಸಾಧನದ ಫಲವೂ ಒಂದೇ ಸಮನಾಗಿರುವುದಿಲ್ಲ.

ಯಾರಿಗೆ ತಕ್ಕುದು

ತೂಕ ಹೆಚ್ಚಿಲ್ಲದವರು, ಮಹಿಳೆಯರು, ಕಿರಿಯ ವಯಸ್ಸಿನವರು, ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರು, ಕೆಳದವಡೆ ಹಿಂದೆ ಸರಿದಿರುವವರು ಹೆಚ್ಚು ಫಲ ಕಾಣುತ್ತಾರೆ. ತೀವ್ರ ಕಾಯಿಲೆಯಲ್ಲಿ ಸಿಪ್ಯಾಪ್‌ಗೇ ಮೊದಲ ಸ್ಥಾನ; ಅದನ್ನು ಧರಿಸಲಾಗದವರು ಚಿಕಿತ್ಸೆಯಿಲ್ಲದೆ ಇರುವುದಕ್ಕಿಂತ ಸಾಧನ ಧರಿಸುವುದು ಮೇಲು. ಮಿದುಳೇ ಉಸಿರಿನ ಆದೇಶ ಕೊಡದಿರುವ ಕೇಂದ್ರೀಯ ಅಪ್ನಿಯದಲ್ಲಿ ಇದರಿಂದ ಉಪಯೋಗವಿಲ್ಲ.

ಬಾಯಿಯ ಸ್ಥಿತಿಯೂ ಅಷ್ಟೇ ಮುಖ್ಯ. ಒಂದೊಂದು ದವಡೆಯಲ್ಲಿ ಎಂಟರಿಂದ ಹತ್ತು ಗಟ್ಟಿ ಹಲ್ಲುಗಳಾದರೂ ಇರಬೇಕೆಂಬುದು ಸಾಮಾನ್ಯ ನಿಯಮ. ವಸಡಿನ ಕಾಯಿಲೆಯಿಂದ ಹಲ್ಲು ಅಲ್ಲಾಡುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ದವಡೆಯ ಕೀಲಿನಲ್ಲಿ ನೋವಿದ್ದರೆ, ಕೆಳದವಡೆ ಮುಂದೆ ಬರುವುದೇ ಐದಾರು ಮಿ.ಮೀ.ಗಿಂತ ಕಡಿಮೆಯಿದ್ದರೆ ಸಾಧನ ಒಗ್ಗುವುದು ಕಷ್ಟ.

ಕೋಲಾರ ಸೀಮೆಯಲ್ಲಿ ಈ ಪಟ್ಟಿಗೆ ಮೂರು ಸಂಗತಿಗಳನ್ನು ಸೇರಿಸಬೇಕಾಗುತ್ತದೆ. ಮೊದಲನೆಯದು ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಫ್ಲೋರೈಡ್ ಇರಬಹುದು, ಬೇರೆ ಮೂಲವಿಲ್ಲದಾಗ 1.5 ಮಿ.ಗ್ರಾಂ ತನಕ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಇದಕ್ಕಿಂತ ಹೆಚ್ಚಿದೆ. ಬಾಲ್ಯದಲ್ಲಿ ಆ ನೀರು ಕುಡಿದವರ ಹಲ್ಲಿನಲ್ಲಿ ಕಂದು ಕಲೆ, ಗುಳಿ ಕಾಣುತ್ತವೆ. ಬರೀ ಕಲೆಯಿದ್ದರೆ ಸಾಧನಕ್ಕೆ ಅಡ್ಡಿಯಿಲ್ಲ. ಎನಾಮಲ್ ಚಕ್ಕೆಯೆದ್ದು ಹಲ್ಲು ಸವೆದಿದ್ದರೆ ತಟ್ಟೆಯ ಹಿಡಿತ ಸಡಿಲಾಗುತ್ತದೆ. ಅಂಥ ಹಲ್ಲಿಗೆ ಸಿಮೆಂಟ್ ತುಂಬಿಸುವುದು, ಕ್ಯಾಪ್ ಹಾಕಿಸುವುದು ಅಳತೆಗೆ ಮುಂಚೆಯೇ ಮುಗಿಯಬೇಕು. ಆಮೇಲೆ ಹಲ್ಲಿನ ಆಕಾರ ಬದಲಾದರೆ ಸಾಧನ ಕೂರುವುದಿಲ್ಲ.

ಎರಡನೆಯದು ಹೊಗೆಸೊಪ್ಪು, ಅಡಿಕೆ, ಗುಟ್ಕಾ. ಅಡಿಕೆ ಜಗಿಯುವ ಚಟ ಕೆನ್ನೆಯ ಒಳಪದರವನ್ನು ನಾರುಗಟ್ಟಿಸಿ ಬಾಯಿ ತೆರೆಯದಂತೆ ಮಾಡುತ್ತದೆ. ಮೂರು ಬೆರಳು ಒಟ್ಟಿಗೆ ಬಾಯೊಳಗೆ ಹೋಗದವರಲ್ಲಿ ಅಳತೆ ತೆಗೆಯುವುದೇ ದುಸ್ಸಾಧ್ಯ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಕಂಡರೆ ಸಾಧನದ ಮಾತು ಬದಿಗಿಟ್ಟು ಕ್ಯಾನ್ಸರ್ ತಪಾಸಣೆ ಮಾಡಿಸಬೇಕು. ಹೊಗೆಸೊಪ್ಪನ್ನು ದವಡೆಗಿಟ್ಟುಕೊಂಡೇ ಮಲಗುವವರು ಆ ಚಟ ಬಿಡದೆ ಸಾಧನ ಧರಿಸುವಂತಿಲ್ಲ.

ಮೂರನೆಯದು ವಯಸ್ಸಾದವರ ಹಲ್ಲಿನ ಸೆಟ್ಟು. ಮೇಲೂ ಕೆಳಗೂ ಪೂರ್ತಿ ಸೆಟ್ಟು ಹಾಕುವವರು ರಾತ್ರಿ ಅದನ್ನು ತೆಗೆದಿಡುತ್ತಾರೆ. ಇವರಿಗೆ ನಾಲಿಗೆ ಹಿಡಿಯುವ ಸಾಧನ ಅಥವಾ ಸಿಪ್ಯಾಪ್ ಉಳಿದ ದಾರಿ. ಕೆಳಗೆ ಸ್ವಂತ ಹಲ್ಲಿದ್ದು ಮೇಲೆ ಮಾತ್ರ ಸೆಟ್ಟಿದ್ದರೆ ಕೆಲವರಲ್ಲಿ ದವಡೆ ಮುಂದೊತ್ತುವ ಸಾಧನವನ್ನೂ ಕೂರಿಸಬಹುದು.

ರೋಗನಿರ್ಣಯ

ಸಾಧನಕ್ಕೆ ಮುಂಚೆ ನಿದ್ರಾ ಪರೀಕ್ಷೆ ಆಗಬೇಕು. ಪೂರ್ಣ ಪರೀಕ್ಷೆಯಾದ ಪಾಲಿಸಾಮ್ನೋಗ್ರಫಿಯಲ್ಲಿ ಆಸ್ಪತ್ರೆಯ ಕೋಣೆಯೊಂದರಲ್ಲಿ ಮಲಗಿಸಿ ಮಿದುಳಿನ ಅಲೆ, ಕಣ್ಣಿನ ಚಲನೆ, ಮೂಗಿನ ಗಾಳಿ, ಎದೆ ಮತ್ತು ಹೊಟ್ಟೆಯ ಏರಿಳಿತ, ಹೃದಯದ ಲಯ, ಆಮ್ಲಜನಕಗಳನ್ನು ರಾತ್ರಿಯಿಡೀ ದಾಖಲಿಸುತ್ತಾರೆ. ಬೇರೆ ದೊಡ್ಡ ಕಾಯಿಲೆಗಳಿಲ್ಲದೆ ಸ್ಲೀಪ್ ಅಪ್ನಿಯದ ಗುಮಾನಿ ಬಲವಾಗಿರುವವರಿಗೆ ಮನೆಯಲ್ಲೇ ಮಾಡುವ ಕಿರುಪರೀಕ್ಷೆ ಸಾಕಾಗುತ್ತದೆ. ಬೆರಳಿಗೊಂದು ಕ್ಲಿಪ್, ಮೂಗಿಗೊಂದು ಸಣ್ಣ ಕೊಳವೆ, ಎದೆಗೊಂದು ಪಟ್ಟಿ ಕಟ್ಟಿಕೊಂಡು ಮಲಗಿದರಾಯಿತು.

ದಂತವೈದ್ಯರ ಕುರ್ಚಿಯಲ್ಲೂ ಸುಳಿವು ಸಿಗುತ್ತದೆ. ಬಾಯಿ ತೆರೆದು ನಾಲಿಗೆ ಚಾಚಿದಾಗ ಕಿರುನಾಲಿಗೆ ಎಷ್ಟು ಕಾಣುತ್ತದೆಂಬುದನ್ನು ನಾಲ್ಕು ದರ್ಜೆಗಳಲ್ಲಿ ಗುರುತಿಸುತ್ತಾರೆ. ಆಂಧ್ರ ಮೂಲದ ಅರಿವಳಿಕೆ ತಜ್ಞ ಶೇಷಗಿರಿ ಮಲ್ಲಂಪಾಟಿ 1985ರಲ್ಲಿ ಪ್ರಕಟಿಸಿದ ವಿಧಾನದಿಂದ ಬೆಳೆದ ಕ್ರಮ ಇದು. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು, ನಿದ್ರೆಯಲ್ಲಿ ಹಲ್ಲು ಕಡಿದು ಸವೆದ ಮೇಲ್ಮೈ, ದಪ್ಪ ಕುತ್ತಿಗೆ ಕಂಡರೆ ದಂತವೈದ್ಯರು ಗೊರಕೆಯ ಬಗ್ಗೆ ವಿಚಾರಿಸುವುದು ಒಳ್ಳೆಯದು. ಆದರೆ ಕಾಯಿಲೆ ಇದೆಯೆಂದು ನಿರ್ಧರಿಸುವ ಅಧಿಕಾರ ವೈದ್ಯರದು.

ತಯಾರಿ ಮತ್ತು ಹೊಂದಾಣಿಕೆ

ಮೊದಲ ಭೇಟಿಯಲ್ಲಿ ಹಲ್ಲು, ವಸಡು, ಕೀಲುಗಳನ್ನು ನೋಡಿ ಎಕ್ಸ್‌ರೇ ತೆಗೆದು ಅಳತೆ ತೆಗೆಯುತ್ತಾರೆ. ಆಲ್ಜಿನೇಟ್ ಪುಡಿಯನ್ನು ನೀರಿನಲ್ಲಿ ಕಲಸಿ ತಟ್ಟೆಯಲ್ಲಿ ತುಂಬಿ ಬಾಯೊಳಗೆ ಒತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಅಚ್ಚು ಸಿಗುತ್ತದೆ. ಅದರೊಳಗೆ ಡೆಂಟಲ್ ಸ್ಟೋನ್ ಹುಯ್ದು ಹಲ್ಲಿನ ಪ್ರತಿರೂಪ ಮಾಡುತ್ತಾರೆ. ಸ್ಕ್ಯಾನರ್ ಇರುವ ಕಡೆ ಬಾಯೊಳಗೆ ಕ್ಯಾಮೆರಾ ಆಡಿಸಿದರೆ ಸಾಕು.

ಇದಾದ ಮೇಲೆ ನಾಜೂಕಾದ ಹಂತ ಬರುತ್ತದೆ. ಕೆಳದವಡೆಯನ್ನು ಪೂರ್ತಿ ಹಿಂದೆ, ಮತ್ತೆ ಪೂರ್ತಿ ಮುಂದೆ ಮಾಡಿಸಿ ನಡುವಿನ ಅಂತರವನ್ನು ಮಾಪನಪಟ್ಟಿಯಿಂದ ಅಳೆಯುತ್ತಾರೆ. ಅದು 10 ಮಿ.ಮೀ. ಎಂದಾದರೆ ಸುಮಾರು 5ರಿಂದ 7 ಮಿ.ಮೀ. ಮುಂದಿರುವ ಭಂಗಿಯಲ್ಲಿ ಮೇಣವನ್ನೋ ಸಿಲಿಕೋನನ್ನೋ ಕಚ್ಚಿಸಿ ಆ ನಿಲುವನ್ನು ಸೆರೆಹಿಡಿಯುತ್ತಾರೆ. ಡೆಂಟಲ್ ಲ್ಯಾಬಿನವರು ಅದರಂತೆ ಅಕ್ರಿಲಿಕ್ ತಟ್ಟೆಗಳನ್ನು ಮಾಡಿ, ಹಲ್ಲು ಹಿಡಿಯುವ ತಂತಿಯ ಕೊಕ್ಕೆ ಕೂರಿಸಿ, ಮುಂದೊತ್ತುವ ತಿರುಪನ್ನು ಅಳವಡಿಸುತ್ತಾರೆ. ನೈಲಾನ್ ಪುಡಿಯಿಂದ ಮುದ್ರಿಸಿದ ತೆಳು ಸಾಧನಗಳೂ ಈಗ ಬಂದಿವೆ.

ಎರಡನೆಯ ಭೇಟಿಯಲ್ಲಿ ಸಾಧನ ಕೂರಿಸಿ, ಒತ್ತುವ ಜಾಗಗಳನ್ನು ಉಜ್ಜಿ ಸರಿಮಾಡಿ, ಹಾಕುವ ತೆಗೆಯುವ ಕ್ರಮ ಕಲಿಸುತ್ತಾರೆ. ಮೊದಲ ಒಂದೆರಡು ವಾರ ಬಾಯಿ ಅದಕ್ಕೆ ಒಗ್ಗಲೆಂದು ಬಿಡುತ್ತಾರೆ. ಆಮೇಲೆ ಪುಟ್ಟ ಕೀಲಿಯಿಂದ ತಿರುಪನ್ನು ತಿರುಗಿಸಿ ಅರ್ಧ ಅಥವಾ ಒಂದು ಮಿ.ಮೀ.ನಂತೆ ದವಡೆಯನ್ನು ಮುಂದೆ ತರುತ್ತಾರೆ. ಗೊರಕೆ ಅಡಗಿ, ತೂಕಡಿಕೆ ತಗ್ಗಿದಾಗ, ಅಥವಾ ಇನ್ನೂ ಮುಂದೊತ್ತಿದರೆ ಕೀಲು ನೋಯುತ್ತದೆ ಎಂದಾಗ ನಿಲ್ಲಿಸುತ್ತಾರೆ. ಈ ಹೊಂದಾಣಿಕೆಗೆ ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯುತ್ತದೆ. ಮುಗಿದ ಮೇಲೆ ಸಾಧನ ಧರಿಸಿಯೇ ಇನ್ನೊಮ್ಮೆ ನಿದ್ರಾ ಪರೀಕ್ಷೆ ಮಾಡಿಸಬೇಕು. ರೋಗಿಗೆ ಹಾಯೆನಿಸಿದರೂ ಎಎಚ್‌ಐ ಇಳಿಯದೇ ಇರುವ ಪ್ರಸಂಗಗಳಿವೆ.

ಫಲಿತಾಂಶ

ಎಎಚ್‌ಐ ಇಳಿಸುವುದರಲ್ಲಿ ಸಿಪ್ಯಾಪ್ ಮುಂದು. ಬಾಯಿಯ ಸಾಧನ ಧರಿಸಿದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಎಎಚ್‌ಐ 5ಕ್ಕಿಂತ ಕೆಳಗಿಳಿಯುತ್ತದೆ. ಸುಮಾರು ಮೂರನೇ ಒಂದು ಭಾಗದವರಿಗೆ ಫಲ ತೀರಾ ಕಡಿಮೆ. ಉಳಿದವರದು ನಡುವಿನ ಸ್ಥಿತಿ. ಆದರೆ ಜನ ಸಾಧನವನ್ನು ಸಿಪ್ಯಾಪ್‌ಗಿಂತ ಹೆಚ್ಚು ಗಂಟೆ ಧರಿಸುತ್ತಾರೆ. ಮುಖವಾಡ ಹಾಕಿಕೊಂಡು ಅರ್ಧ ರಾತ್ರಿಗೆ ಕಿತ್ತೆಸೆಯುವವರಿಗೆ ಯಂತ್ರದ ಪೂರ್ಣ ಲಾಭ ಸಿಗುವುದಿಲ್ಲ. ಆಸ್ಟ್ರೇಲಿಯದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಒಂದು ತಿಂಗಳ ಕೊನೆಗೆ ರಕ್ತದೊತ್ತಡ, ತೂಕಡಿಕೆ, ಚಾಲನೆಯ ಸಾಮರ್ಥ್ಯಗಳಲ್ಲಿ ಎರಡು ಚಿಕಿತ್ಸೆಗಳೂ ಬಹುಮಟ್ಟಿಗೆ ಸಮನಾಗಿದ್ದವು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯ ಪ್ರಕಾರ ಮೇಲಿನ ರಕ್ತದೊತ್ತಡ ಸಿಪ್ಯಾಪ್‌ನಿಂದ ಸುಮಾರು 2.5, ಬಾಯಿಯ ಸಾಧನದಿಂದ ಸುಮಾರು 2.1 ಅಂಕ ಇಳಿಯುತ್ತದೆ. ಬಿ.ಪಿ. ಮಾತ್ರೆಗೆ ಇದು ಬದಲಿಯಲ್ಲ.

ಕರೆಂಟು ಬೇಡದಿರುವುದು, ಸದ್ದಿಲ್ಲದಿರುವುದು, ಜೇಬಿನ ಡಬ್ಬಿಯಲ್ಲಿ ಒಯ್ಯಬಹುದಾದದ್ದು ಸಾಧನದ ಅನುಕೂಲಗಳು. ರನ್ನಿಂಗ್ ರೂಮಿನಲ್ಲಿ ಮಲಗುವ ರೈಲ್ವೆ ಸಿಬ್ಬಂದಿ, ಲಾರಿ ಚಾಲಕರು, ಪಾಳಿಯಲ್ಲಿ ದುಡಿಯುವ ಕಾರ್ಖಾನೆ ಕೆಲಸಗಾರರಿಗೆ ಇದು ಸಣ್ಣ ಮಾತಲ್ಲ. ಆದರೆ ವಾಹನ, ಭಾರಿ ಯಂತ್ರ ನಡೆಸುವವರ ವಿಷಯದಲ್ಲಿ ಎರಡನೆಯ ನಿದ್ರಾ ಪರೀಕ್ಷೆಯನ್ನು ಯಾವ ಕಾರಣಕ್ಕೂ ಕೈಬಿಡಬಾರದು.

ತೊಂದರೆಗಳು

ಆರಂಭದಲ್ಲಿ ಜೊಲ್ಲು ಸುರಿಯುವುದು ಅಥವಾ ಬಾಯಿ ಒಣಗುವುದು, ಹಲ್ಲು ಜುಂ ಎನ್ನುವುದು, ಬೆಳಿಗ್ಗೆ ಕೆನ್ನೆ ಮತ್ತು ಕೀಲು ನೋಯುವುದು, ಎದ್ದ ಮೇಲೆ ಸ್ವಲ್ಪ ಹೊತ್ತು ಹಲ್ಲುಗಳು ಮೊದಲಿನಂತೆ ಕೂಡದಿರುವುದು ಸಾಮಾನ್ಯ. ಇವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತವೆ. ಎದ್ದೊಡನೆ ದವಡೆಯನ್ನು ಮೊದಲ ಜಾಗಕ್ಕೆ ತರಲು ಸಣ್ಣದೊಂದು ಅಚ್ಚನ್ನು ಕಚ್ಚುವ ಅಭ್ಯಾಸವನ್ನು ಹೇಳಿಕೊಡುತ್ತಾರೆ.

ವರ್ಷಗಟ್ಟಲೆ ಧರಿಸಿದವರಲ್ಲಿ ಹಲ್ಲುಗಳು ನಿಧಾನವಾಗಿ ಸರಿಯುತ್ತವೆ. ಮೇಲಿನ ಮುಂಹಲ್ಲು ಹಿಂದಕ್ಕೂ ಕೆಳಗಿನವು ಮುಂದಕ್ಕೂ ವಾಲುತ್ತವೆ; ಕೆಲವರಲ್ಲಿ ದವಡೆಹಲ್ಲುಗಳ ನಡುವೆ ಸಂದು ಬಿಡುತ್ತದೆ. ಎಷ್ಟೋ ಮಂದಿಗೆ ಇದು ಗೊತ್ತೇ ಆಗುವುದಿಲ್ಲ, ಆದರೂ ಈ ಬದಲಾವಣೆ ಬಹುಮಟ್ಟಿಗೆ ಶಾಶ್ವತ. ಚಿಕಿತ್ಸೆಗೆ ಮೊದಲೇ ರೋಗಿಗೆ ಇದನ್ನು ತಿಳಿಸಿ ಹಲ್ಲಿನ ಪ್ರತಿರೂಪವನ್ನು ದಾಖಲೆಯಾಗಿ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಮೊದಲ ವರ್ಷ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆಯಾದರೂ ತಪಾಸಣೆ ಬೇಕು.

ಆರೈಕೆ

ಬೆಳಿಗ್ಗೆ ತೆಗೆದೊಡನೆ ಮೆದು ಬ್ರಷ್ಷಿನಿಂದ ತಣ್ಣೀರಿನಲ್ಲಿ ತೊಳೆದು, ಗಾಳಿಯಾಡುವ ಡಬ್ಬಿಯಲ್ಲಿಡಬೇಕು. ಪೇಸ್ಟಿನ ಒರಟು ಪುಡಿ ಅಕ್ರಿಲಿಕ್ಕಿನ ಮೇಲೆ ಗೀರು ಹಾಕುತ್ತದೆ. ಬಿಸಿನೀರು ತಾಗಿದರೆ, ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲೋ ಕಾರಿನ ಗಾಜಿನ ಬಳಿಯೋ ಬಿಟ್ಟರೆ ಅದು ಸೊಟ್ಟಗಾಗುತ್ತದೆ. ಕೊಳವೆಬಾವಿಯ ಗಡುಸು ನೀರಿನಲ್ಲಿ ತೊಳೆದರೆ ದಿನಕಳೆದಂತೆ ಸುಣ್ಣದ ಬಿಳಿ ಪದರ ಕಟ್ಟುತ್ತದೆ. ಹಲ್ಲಿನ ಸೆಟ್ಟು ತೊಳೆಯುವ ಮಾತ್ರೆಯ ನೀರಿನಲ್ಲಿ ಆಗಾಗ ನೆನೆಸಿಡುವುದು, ಕಡೆಯ ಸಲ ಫಿಲ್ಟರ್ ನೀರಿನಲ್ಲಿ ಜಾಲಿಸುವುದು ಲೇಸು. ರಾತ್ರಿ ಹಲ್ಲುಜ್ಜದೆ ಸಾಧನ ಹಾಕಿದರೆ ಹುಳುಕು ಬೇಗ ಹಿಡಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಸಾಧನವನ್ನು ಬದಲಿಸಬೇಕಾಗುತ್ತದೆ.

ಇತರ ಚಿಕಿತ್ಸೆಗಳು

ತೂಕ ಇಳಿಸುವುದು, ರಾತ್ರಿ ಮದ್ಯ ಬಿಡುವುದು, ಮಗ್ಗುಲಾಗಿ ಮಲಗುವುದು ಎಲ್ಲ ಚಿಕಿತ್ಸೆಗಳ ಜೊತೆಗೂ ನಡೆಯಬೇಕು. ಟಾನ್ಸಿಲ್ ದೊಡ್ಡದಿದ್ದರೆ, ಮೂಗಿನ ಗೋಡೆ ವಕ್ರವಾಗಿದ್ದರೆ ಶಸ್ತ್ರಚಿಕಿತ್ಸೆ ನೆರವಾಗುತ್ತದೆ. ಮೂಗು ಕಟ್ಟಿದವರಿಗೆ ಬಾಯಿಯ ಸಾಧನವೂ ಸರಿಯಾಗಿ ಒಗ್ಗುವುದಿಲ್ಲ. ಬೊಜ್ಜಿನೊಂದಿಗೆ ಮಧ್ಯಮ ಅಥವಾ ತೀವ್ರ ಕಾಯಿಲೆ ಇರುವ ವಯಸ್ಕರಿಗೆ ತಿರ್ಜೆಪಟೈಡ್ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಕರು 2024ರ ಡಿಸೆಂಬರಿನಲ್ಲಿ ಒಪ್ಪಿದರು. ಹಗಲಿನಲ್ಲಿ ಕೆಲ ಹೊತ್ತು ನಾಲಿಗೆಗೆ ಸಣ್ಣ ವಿದ್ಯುತ್ ಕೊಟ್ಟು ಸ್ನಾಯು ಬಲಪಡಿಸುವ ಉಪಕರಣಕ್ಕೆ ಅಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು; ಸಾಧಾರಣ ಕಾಯಿಲೆ ಮತ್ತು ಗೊರಕೆಗೆ ಮಾತ್ರ ಅದರ ಬಳಕೆ.

ಈ ಭಾಗದಲ್ಲಿ ಚಿಕಿತ್ಸೆಯ ದಾರಿ

ಹಲ್ಲಿಗೆ ಕ್ಲಿಪ್ಪು ಹಾಕುವವರು, ಸೆಟ್ಟು ಕಟ್ಟುವವರು, ವಸಡಿನ ತಜ್ಞರು ಹೀಗೆ ದಂತವೈದ್ಯದ ಹಲವು ಶಾಖೆಗಳ ಕೈಚಳಕ ಈ ಸಾಧನಕ್ಕೆ ಬೇಕು. ಕೆಜಿಎಫ್‌ನ ಬೆಮೆಲ್ ನಗರದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕೆ.ಜಿ.ಎಫ್. ದಂತ ವಿಜ್ಞಾನ ಕಾಲೇಜು ಮತ್ತು ಆಸ್ಪತ್ರೆ ಇದೆ. ಜಿಲ್ಲಾ ಕೇಂದ್ರ ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯೂ, ಅದರ ಹತ್ತಿರದ ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆಯೂ ಇವೆ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು, ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ನಿದ್ರಾ ಸಂಶೋಧನೆಗೆ ಹೆಸರಾದ ನಿಮ್ಹಾನ್ಸ್ ಇವೆ. ಗೊರಕೆಯ ದೂರಿನವರು ಮೊದಲು ಶ್ವಾಸಕೋಶ ಅಥವಾ ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡು ಪರೀಕ್ಷೆ ಮಾಡಿಸಿ, ಅವರ ಚೀಟಿಯೊಂದಿಗೆ ದಂತವೈದ್ಯರಲ್ಲಿ ಹೋಗಿ, ಸಾಧನ ಹೊಂದಿಕೊಂಡ ಮೇಲೆ ಮತ್ತೆ ಅದೇ ವೈದ್ಯರಲ್ಲಿಗೆ ಮರಳಬೇಕು. ವಾರದ ಆರು ದಿನ ರೈಲಿನಲ್ಲಿ ಓಡಾಡುವವರಿಗೆ ಇಷ್ಟು ಸುತ್ತು ಸುಲಭವಲ್ಲ. ಕೊನೆಯ ಭೇಟಿಯೇ ಹೆಚ್ಚಾಗಿ ತಪ್ಪಿಹೋಗುವಂಥದ್ದು. ಮನೆಯಲ್ಲೇ ಮಾಡುವ ನಿದ್ರಾ ಪರೀಕ್ಷೆ ಈ ಸುತ್ತನ್ನು ಒಂದಿಷ್ಟು ಮೊಟಕುಗೊಳಿಸುತ್ತದೆ.

ಅಳತೆ ತೆಗೆದು ಸಾಧನ ಕೂರಿಸುವುದು ಚಿಕಿತ್ಸೆಯ ಅರ್ಧ ಮಾತ್ರ. ಮುಂಚೆ ಒಂದು ಪರೀಕ್ಷೆ, ಹೊಂದಾಣಿಕೆ ಮುಗಿದ ಮೇಲೆ ಇನ್ನೊಂದು ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ ದಂತವೈದ್ಯರ ಭೇಟಿ, ಇಷ್ಟೂ ಕೂಡಿದರೆ ಮಾತ್ರ ಅದನ್ನು ಸ್ಲೀಪ್ ಅಪ್ನಿಯದ ಚಿಕಿತ್ಸೆ ಎನ್ನಬಹುದು.